ಮಿತಸಾಧನದ ಮಹಾಸಾಧಕ ಸರ್ ಎಂ. ವಿಶ್ವೇಶ್ವರಯ್ಯನವರು

ಸಲಕರಣೆಗಳು ಹೆಚ್ಚಿದಷ್ಟೂ ಕಾರ್ಯಸಾಧನೆ ಹೆಚ್ಚುವುದೆಂದು ನಂಬುವವರು ಬಹುಮಂದಿ. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ದೀರ್ಘಜೀವನವು ಈ ನಂಬಿಕೆಯನ್ನು ಅಲ್ಲಗಳೆಯುತ್ತದೆ. ಗಡಿಯಾರ, ಲೇಖನಿ, ಕಾಗದ, ತಪ್ಪದೆ ಪಾಲಿಸುವ ಒಂದು ವೇಳಾಪಟ್ಟಿ: ಇಷ್ಟನ್ನೇ ಬಂಡವಾಳವಾಗಿ ಉಳ್ಳವನು ಎಂತಹ ಕಾರ್ಯಗಳನ್ನು ಮಾಡಬಲ್ಲನೆಂಬುದಕ್ಕೆ ಅವರ ಚರಿತ್ರೆಯೇ ನಿದರ್ಶನ.

ಅವರು 1861ನೆಯ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆತನದ ಪೂರ್ವಿಕರು ಆಂಧ್ರದ ಮೋಕ್ಷಗುಂಡಂ ಗ್ರಾಮದಿಂದ ಬಂದವರು. ಆ ಊರಿನ ಹೆಸರು ಅವರ ಹೆಸರಿನೊಡನೆ ಇಂದಿಗೂ ಉಳಿದಿದೆ. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ಬೆಂಗಳೂರಿನಲ್ಲಿ ಇತರರ ಮಕ್ಕಳಿಗೆ ಪಾಠ ಹೇಳಿ, ಅದರಿಂದ ಬಂದ ಹಣದಲ್ಲಿ ತಾವು ಓದಿದರು. ಪಾಠ ಹೇಳುವ ವೇಳೆ, ಕಾಲೇಜಿನ ವೇಳೆ, ಸ್ವಂತ ಅಭ್ಯಾಸದ ವೇಳೆ ಇವುಗಳನ್ನು ಒಂದಕ್ಕೊಂದು ತೊಡಕಾಗದಂತೆ ಹೊಂದಿಸದಿದ್ದರೆ ಆ ಹುಡುಗನ ವಿದ್ಯೆ ಅಲ್ಲಿಗೇ ನಿಲ್ಲುತ್ತಿತ್ತು. 1881ರಲ್ಲಿ ಬಿ.ಎ. ಪದವಿಯನ್ನೂ, 1883ರಲ್ಲಿ ಪುಣೆಯಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನವನ್ನೂ ಪಡೆದು, ಮರುವರ್ಷ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು.

ಸಿಂಧೂ ನದಿಯ ದಡದಲ್ಲಿರುವ ಸಕ್ಕರ್ ಪಟ್ಟಣಕ್ಕೆ ನೀರೊದಗಿಸುವ ಕಾರ್ಯವು ಅವರ ಬುದ್ಧಿಯ ರೀತಿಯನ್ನು ಚೆನ್ನಾಗಿ ತೋರಿಸುತ್ತದೆ. ನದಿಯ ನೀರು ಕೆಸರಿನಿಂದ ಕೂಡಿತ್ತು. ಅದನ್ನು ಶೋಧಿಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯಲ್ಲಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿಯನ್ನು ತೋಡಿಸಿದರು. ಮರಳಿನ ಮೂಲಕ ಜಿನುಗಿ ಬಂದ ನೀರು ತಾನಾಗಿಯೇ ತಿಳಿಯಾಯಿತು. ಅದನ್ನು ಸುರಂಗದ ಮೂಲಕ ದಡಕ್ಕೆ ತಂದು ಊರಿಗೆ ಹರಿಸಲಾಯಿತು. ನದಿಯು ತಾನೇ ಹಾಸಿದ್ದ ಮರಳು ಶೋಧಕವಾಯಿತು! ಕೈಯಲ್ಲಿ ಇಲ್ಲದುದಕ್ಕಾಗಿ ಹಂಬಲಿಸುವ ಮೊದಲು ಕಾಲಬುಡದಲ್ಲಿ ಏನಿದೆಯೆಂದು ನೋಡಬೇಕೆಂಬುದು ಇದರ ಪಾಠ. ಪ್ರವಾಹ ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ಅವರು ಖಡಕ್ವಾಸ್ಲಾ ಅಣೆಕಟ್ಟಿಗೆ ರಚಿಸಿದ್ದೂ ಇದೇ ಬಗೆಯ ಆಲೋಚನೆಯಿಂದಲೇ.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾಗಿ, 1912ರಿಂದ 1918ರವರೆಗೆ ದಿವಾನರಾಗಿ ಅವರು ದುಡಿದರು. ಕನ್ನಂಬಾಡಿಯ ಅಣೆಕಟ್ಟು, ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ ಇವೆಲ್ಲವೂ ಆ ಕಾಲದ ಫಲಗಳು. ಇಷ್ಟು ಕಾರ್ಯಗಳ ಒತ್ತಡದಲ್ಲಿಯೂ ಅವರ ದಿನಚರಿ ಗಲಿಬಿಲಿಗೊಳ್ಳಲಿಲ್ಲ. ಪ್ರತಿಯೊಂದು ಕೆಲಸಕ್ಕೂ ವೇಳೆ ಗೊತ್ತಾಗಿತ್ತು. ಭೇಟಿಗೆ ಬರುವವರೂ ಆ ವೇಳೆಯನ್ನು ಮೀರುವಂತಿರಲಿಲ್ಲ. ಆಡಬೇಕಾದ ಮಾತನ್ನು ಮೊದಲೇ ಬರೆದು, ಹಲವು ಸಲ ತಿದ್ದಿದ ಹೊರತು ಅವರು ಸಭೆಗೆ ಹೋಗುತ್ತಿರಲಿಲ್ಲ. ಸರ್ಕಾರದ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಮೇಣದಬತ್ತಿ ಎಂಬ ಕಥೆ ಜನರ ಬಾಯಲ್ಲಿ ಇನ್ನೂ ಇದೆ. ಅದು ನಡೆದುದೋ ಜನರು ಕಟ್ಟಿದುದೋ, ಅಂತಹ ಕಥೆ ಅವರನ್ನು ಕುರಿತೇ ಹುಟ್ಟಿತೆಂಬುದು ಗಮನಿಸತಕ್ಕ ಸಂಗತಿ.

ನಿವೃತ್ತಿಯೆಂಬುದು ಅವರಿಗೆ ವಿಶ್ರಾಂತಿಯಾಗಲಿಲ್ಲ. ಅನಕಾಪಲ್ಲಿಗೆ ದೂರವಲ್ಲದ ವಿಶಾಖಪಟ್ಟಣದ ಬಂದರನ್ನು ಕಡಲಿನ ಕೊರೆತದಿಂದ ಕಾಪಾಡುವ ಉಪಾಯಕ್ಕೂ ಅವರ ಸಲಹೆ ಸಂದಿತು. ಆಂಧ್ರದ ಹಳ್ಳಿಯ ಹೆಸರನ್ನು ಹೊತ್ತ ಕನ್ನಡಿಗನ ಬುದ್ಧಿ ಆಂಧ್ರದ ಕರಾವಳಿಗೆ ನೆರವಾದುದು ಉಚಿತವೇ ಸರಿ. ತೊಂಬತ್ತರ ಅಂಚಿನಲ್ಲಿ, 1951ರಲ್ಲಿ, ತಮ್ಮ ವೃತ್ತಿಜೀವನದ ನೆನಪುಗಳನ್ನು ಗ್ರಂಥವಾಗಿ ಪ್ರಕಟಿಸಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ದೊರೆಯಿತು. 1962ರ ಏಪ್ರಿಲ್ ತಿಂಗಳಲ್ಲಿ, ನೂರು ವರ್ಷ ತುಂಬಿದ ಮೇಲೆ, ಅವರು ಇಹಲೋಕವನ್ನು ತ್ಯಜಿಸಿದರು.

ವಿದ್ಯಾರ್ಥಿ ಮಿತ್ರರೇ, ಅವರ ಪ್ರತಿಭೆ ಎಲ್ಲರಿಗೂ ಲಭಿಸುವುದಲ್ಲ. ಆದರೆ ಅವರು ಬಳಸಿದ ಸಾಧನಗಳು ನಮ್ಮೆಲ್ಲರ ಮನೆಯಲ್ಲಿಯೂ ಇವೆ. ನಾಳೆ ಮಾಡಬೇಕಾದುದನ್ನು ಇಂದು ರಾತ್ರಿ ಒಂದು ಹಾಳೆಯಲ್ಲಿ ಬರೆದಿಟ್ಟು, ಬರೆದುದನ್ನು ಹೇಳಿದ ಹೊತ್ತಿಗೆ ಮಾಡಿ ಮುಗಿಸುವುದಕ್ಕೆ ಹಣವೂ ಬೇಡ, ಯಂತ್ರವೂ ಬೇಡ, ದೃಢಸಂಕಲ್ಪವೊಂದಿದ್ದರೆ ಸಾಕು.