ಗಂಗಾತಟದಿಂದ ಬುಖಾರಾದವರೆಗೆ: ಪಶುವೈದ್ಯ ವಿಲಿಯಂ ಮೂರ್‌ಕ್ರಾಫ್ಟ್

ಕಾಶಿಯಾತ್ರೆಗೆ ಹೋದ ಕನ್ನಡಿಗರು ಮಣಿಕರ್ಣಿಕಾ ಘಾಟ್ ನೋಡದೆ ಮರಳುವುದು ಅಪರೂಪ. ಮುಂಬಯಿಯ ಕನ್ನಡ ಸಂಘ ಸಂಸ್ಥೆಗಳು ಏರ್ಪಡಿಸುವ ಉತ್ತರ ಭಾರತ ಯಾತ್ರೆಗಳಲ್ಲೂ ಈ ಘಾಟಿಗೆ ಒಂದು ಸ್ಥಾನ ಇದ್ದೇ ಇರುತ್ತದೆ. 18ನೇ ಶತಮಾನದ ಕೊನೆಯಲ್ಲಿ ಇಂದೋರಿನ ಅಹಲ್ಯಾಬಾಯಿ ಹೋಳ್ಕರ್ ಜೀರ್ಣೋದ್ಧಾರ ಮಾಡಿಸಿದ ಘಾಟ್ ಇದು. ಒಂದೆಡೆ ಉರಿಯುವ ಚಿತೆಗಳು, ಇನ್ನೊಂದೆಡೆ ಮೆಟ್ಟಿಲ ಮೇಲೆ ನಿಶ್ಚಿಂತೆಯಿಂದ ಮಲಗಿರುವ ದನಗಳು, ಹೋರಿಗಳು. ಕಾಶಿಯಲ್ಲಿ ಪ್ರಾಣ ಬಿಟ್ಟವರಿಗೆ ಮುಕ್ತಿ ಎಂಬ ನಂಬಿಕೆ ಎಲ್ಲರಿಗೂ ತಿಳಿದದ್ದೇ.

ಇದೇ ಗಂಗೆಯ ಬಯಲಿನಲ್ಲಿ ಇನ್ನೂರು ವರ್ಷಗಳ ಹಿಂದೆ ಒಬ್ಬ ಪಶುವೈದ್ಯರಿದ್ದರು. ಹನ್ನೊಂದು ವರ್ಷ ಈ ಸೀಮೆಯಲ್ಲಿ ದುಡಿದ ಅವರು ಪ್ರಾಣ ಬಿಟ್ಟದ್ದು ಮಾತ್ರ ಗಂಗೆಯಿಂದ ಬಹು ದೂರದ, ಹೆಸರೂ ಕೇಳದ ಒಂದು ಊರಿನಲ್ಲಿ. ಅವರೇ ವಿಲಿಯಂ ಮೂರ್‌ಕ್ರಾಫ್ಟ್. ಪಶುವೈದ್ಯ ಶಾಸ್ತ್ರದಲ್ಲಿ ಕ್ರಮಬದ್ಧ ಶಿಕ್ಷಣ ಪಡೆದ ಮೊದಲ ಇಂಗ್ಲಿಷರು ಎಂದು ಇತಿಹಾಸ ಅವರನ್ನು ಗುರುತಿಸುತ್ತದೆ. ಹಿಮಾಲಯದ ಆಚೆಯ ಪ್ರವಾಸಿ ಎಂದು ಅವರ ಹೆಸರು ಜಗತ್ಪ್ರಸಿದ್ಧ. ಆದರೆ ಪಶುವೈದ್ಯರಾಗಿ ಅವರು ಕಲಿತ ವಿದ್ಯೆ ಮುಂದಿನವರಿಗೆ ಎಷ್ಟು ತಲುಪಿತು ಎಂದು ಕೇಳಿದರೆ ಉತ್ತರ ಅಷ್ಟು ಸಮಾಧಾನಕರವಾಗಿಲ್ಲ. ಅದಕ್ಕೆ ಕಾರಣವೇನು ಎಂಬುದು ಸಂಘಗಳನ್ನು ಕಟ್ಟಿ ನಡೆಸುವ ಎಲ್ಲರೂ ತಿಳಿಯಬೇಕಾದ ಸಂಗತಿ.

ರೈತ ಕುಟುಂಬದ ಹುಡುಗ

ಮೂರ್‌ಕ್ರಾಫ್ಟ್ ಹುಟ್ಟಿದ್ದು 1767ರಲ್ಲಿ, ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತ್ಯದ ಆರ್ಮ್‌ಸ್ಕರ್ಕ್ ಎಂಬಲ್ಲಿ. ಅಜ್ಜ ಆ ಊರಿನ ರೈತರು. ಹುಡುಗ ವೈದ್ಯನಾಗಲಿ ಎಂದು ಲಿವರ್‌ಪೂಲಿನ ಒಬ್ಬ ಶಸ್ತ್ರವೈದ್ಯರ ಬಳಿ ಕಲಿಯಲು ಬಿಡಲಾಯಿತು. ಆ ದಿನಗಳಲ್ಲಿ ಲ್ಯಾಂಕಾಶೈರಿನ ದನಗಳಿಗೆ ಭಯಂಕರ ಸಾಂಕ್ರಾಮಿಕ ರೋಗ ತಗಲಿತು. ಅದನ್ನು ಪರೀಕ್ಷಿಸಲು ಹೋದವರಲ್ಲಿ ಈ ತರುಣನೂ ಇದ್ದ. ಮನುಷ್ಯರಿಗೆ ವೈದ್ಯರು ಬೇಕಾದಷ್ಟು ಜನ ಇದ್ದಾರೆ, ಮೂಕ ಪ್ರಾಣಿಗಳಿಗೆ ಯಾರೂ ಇಲ್ಲ ಎಂಬುದು ಅಲ್ಲಿ ಅವರ ಮನಸ್ಸಿಗೆ ನಾಟಿತು. ಅಂದು ಕುದುರೆಗೆ ಕಾಯಿಲೆಯಾದರೆ ಲಾಳ ಕಟ್ಟುವವನೇ ವೈದ್ಯ, ದನಕ್ಕೆ ಕಾಯಿಲೆಯಾದರೆ ಊರಿನ ನಾಟಿವೈದ್ಯನೇ ಗತಿ. ಕಲಿತ ಒಬ್ಬ ಶಸ್ತ್ರವೈದ್ಯ ಕೊಟ್ಟಿಗೆಗೆ ಇಳಿಯುವುದು ಅಗೌರವ ಎಂಬ ಭಾವನೆ ಸಮಾಜದಲ್ಲಿತ್ತು.

ಇದನ್ನು ಲೆಕ್ಕಿಸದೆ 1790ರಲ್ಲಿ ಮೂರ್‌ಕ್ರಾಫ್ಟ್ ಫ್ರಾನ್ಸಿನ ಲಿಯೋನ್ ನಗರಕ್ಕೆ ಹೋದರು. ಜಗತ್ತಿನ ಮೊದಲ ಪಶುವೈದ್ಯ ಶಾಲೆ 1760ರ ದಶಕದಲ್ಲಿ ಆರಂಭವಾದದ್ದು ಅಲ್ಲಿಯೇ. ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ ಹತ್ತಿ ಉರಿಯುತ್ತಿದ್ದ ಕಾಲದಲ್ಲೇ ವಿದ್ಯಾಭ್ಯಾಸ ಮುಗಿಸಿ, ಲಂಡನ್ನಿಗೆ ಮರಳಿ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ಕುದುರೆಗಳ ಚಿಕಿತ್ಸಾಲಯ ತೆರೆದರು. ಅದು ಚೆನ್ನಾಗಿಯೇ ನಡೆಯಿತು.

ಕೈಬಿಟ್ಟ ಹುದ್ದೆ

ಲಂಡನ್ನಿನಲ್ಲಿ 1791ರಲ್ಲಿ ಪಶುವೈದ್ಯ ಕಾಲೇಜು ಸ್ಥಾಪನೆಯಾಗಿತ್ತು. ಅದರ ಮೊದಲ ಮುಖ್ಯಸ್ಥರು 1793ರಲ್ಲಿ ತೀರಿಕೊಂಡ ಬಳಿಕ ಎಡ್ವರ್ಡ್ ಕೋಲ್‌ಮನ್ ಮತ್ತು ಮೂರ್‌ಕ್ರಾಫ್ಟ್ ಇಬ್ಬರನ್ನೂ ಜಂಟಿ ಪ್ರಾಧ್ಯಾಪಕರನ್ನಾಗಿ ನೇಮಿಸಲಾಯಿತು. ಕೋಲ್‌ಮನ್ ಮನುಷ್ಯರ ಶಸ್ತ್ರವೈದ್ಯರು, ಪಶುವೈದ್ಯ ಶಾಸ್ತ್ರ ಕಲಿತವರಲ್ಲ. ಮೂರ್‌ಕ್ರಾಫ್ಟ್ ಕಲಿತವರು. ಆದರೂ ಕೆಲವೇ ವಾರಗಳಲ್ಲಿ ಹುದ್ದೆ ಬಿಟ್ಟು ಹೊರಬಂದವರು ಮೂರ್‌ಕ್ರಾಫ್ಟ್. ತಮ್ಮ ಸ್ವಂತ ಚಿಕಿತ್ಸಾಲಯಕ್ಕೆ ಮರಳಿದ ಅವರು ಯಂತ್ರದಿಂದ ಲಾಳ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದು, ಆ ಉದ್ಯಮದಲ್ಲಿ ಗಳಿಸಿದ್ದರಲ್ಲಿ ಬಹುಪಾಲು ಕಳೆದುಕೊಂಡರು.

ಇತ್ತ ಕೋಲ್‌ಮನ್ 1839ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ 45 ವರ್ಷ, ಕಾಲೇಜಿನ ಗದ್ದುಗೆಯಲ್ಲಿದ್ದರು. ಪಾಠ ಕುದುರೆಗೆ ಸೀಮಿತವಾಯಿತು, ಶಿಕ್ಷಣದ ಅವಧಿ ಕೆಲವು ತಿಂಗಳಿಗೆ ಇಳಿಯಿತು, ಪರೀಕ್ಷಕರ ಮಂಡಳಿಯಲ್ಲಿ ಮನುಷ್ಯರ ವೈದ್ಯರೇ ತುಂಬಿಕೊಂಡರು. ಅರ್ಹತೆಯುಳ್ಳ ಒಬ್ಬರು ತಾಳ್ಮೆಯಿಂದ ಅಲ್ಲೇ ನಿಂತಿದ್ದರೆ ಈ ವೃತ್ತಿಯ ಚರಿತ್ರೆ ಬೇರೆಯೇ ಆಗುತ್ತಿತ್ತೇನೋ.

ಪೂಸಾದ ಹನ್ನೊಂದು ವರ್ಷ

ಈಸ್ಟ್ ಇಂಡಿಯಾ ಕಂಪನಿಗೆ ಆಗ ಅಶ್ವದಳಕ್ಕೆ ಬೇಕಾದ ಕುದುರೆಗಳ ಅಭಾವ ತಲೆದೋರಿತ್ತು. ಬಿಹಾರದ ಪೂಸಾದಲ್ಲಿ 18ನೇ ಶತಮಾನದ ಕೊನೆಯಲ್ಲೇ ಕುದುರೆ ಸಾಕಣೆ ಕೇಂದ್ರ ತೆರೆದಿದ್ದರೂ ಫಲ ಕಾಣಲಿಲ್ಲ. ಅದನ್ನು ಸರಿಪಡಿಸಲು ಕಂಪನಿ ಆರಿಸಿದ್ದು ಮೂರ್‌ಕ್ರಾಫ್ಟ್ ಅವರನ್ನು. 1808ರ ಕೊನೆಯಲ್ಲಿ ಅವರು ಕಲ್ಕತ್ತಾಗೆ ಬಂದಿಳಿದರು.

ಪೂಸಾದಲ್ಲಿ ಅವರು ಮಾಡಿದ ಮೊದಲ ಕೆಲಸ ಲಾಯಗಳನ್ನು ಶುಚಿಗೊಳಿಸಿದ್ದು, ಮೇವಿನ ವ್ಯವಸ್ಥೆಯನ್ನು ತಿದ್ದಿದ್ದು. ಕುದುರೆಗಳಿಗಾಗಿ ವಿಸ್ತಾರವಾಗಿ ಓಟ್ಸ್ ಬೆಳೆಸಿದರು. ಜಾಡ್ಯ ಕಡಿಮೆಯಾಯಿತು. ಕಂಪನಿಯ ಈ ಅಶ್ವಶಾಲೆಗಳು ಕಾಲಕ್ರಮದಲ್ಲಿ ಗಂಗೆಯ ದಂಡೆಯ ಘಾಜಿಪುರದವರೆಗೂ ಹಬ್ಬಿದವು. ಮಣಿಕರ್ಣಿಕೆಯಿಂದ ಘಾಜಿಪುರ ಸುಮಾರು 70 ಕಿ.ಮೀ. ದೂರವಷ್ಟೇ. ನಮ್ಮ ಕರ್ನಾಟಕದಲ್ಲಿ ಟಿಪ್ಪು ಸುಲ್ತಾನನ ಕಾಲದಿಂದ ಹೆಸರಾದ ಕುಣಿಗಲ್ ಕುದುರೆ ಫಾರಂ ಬಲ್ಲವರಿಗೆ ಇಂತಹ ಕೇಂದ್ರದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಮೇವು ತಿದ್ದಿದರೆ ಸಾಲದು, ತಳಿಯೇ ಸುಧಾರಿಸಬೇಕು ಎಂದು ಮೂರ್‌ಕ್ರಾಫ್ಟ್ ನಂಬಿದ್ದರು. ಒಳ್ಳೆಯ ಗಂಡು ಕುದುರೆಗಳು ಮಧ್ಯ ಏಷ್ಯಾದ ಬುಖಾರಾದಲ್ಲಿ ಸಿಗುತ್ತವೆ ಎಂಬ ಮಾತು ಅವರ ತಲೆ ಹೊಕ್ಕಿತು. ಮುಂದಿನ ಬದುಕೆಲ್ಲ ಅದರ ಬೆನ್ನು ಹತ್ತಿಯೇ ಕಳೆಯಿತು.

ಗೋಸಾಯಿಯ ವೇಷದಲ್ಲಿ ಮಾನಸ ಸರೋವರಕ್ಕೆ

1812ರಲ್ಲಿ ಹೈದರ್ ಹಿಯರ್ಸಿ ಎಂಬ ಜತೆಗಾರನೊಡನೆ ಅವರು ನೀತಿ ಕಣಿವೆ ದಾಟಿ ಟಿಬೆಟ್ ಪ್ರವೇಶಿಸಿದರು. ಐರೋಪ್ಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆದ್ದರಿಂದ ಇಬ್ಬರೂ ತೊಟ್ಟದ್ದು ಗೋಸಾಯಿಗಳ ವೇಷ. ಗೋಸಾಯಿಗಳೆಂದರೆ ದಶನಾಮಿ ಪರಂಪರೆಯ ಸಂನ್ಯಾಸಿಗಳು. ಕಾಶಿ, ಮಿರ್ಜಾಪುರಗಳಲ್ಲಿ ಅವರ ದೊಡ್ಡ ಮಠಗಳಿದ್ದವು. ತೀರ್ಥಯಾತ್ರೆಯ ಜತೆಗೆ ದೂರದೂರಕ್ಕೆ ವ್ಯಾಪಾರವನ್ನೂ ನಡೆಸುತ್ತಿದ್ದವರು ಅವರು. ಆದುದರಿಂದ ಸರಕು ಹೊತ್ತ ಗೋಸಾಯಿಯನ್ನು ಕಂಡು ಯಾರೂ ಹುಬ್ಬೇರಿಸುವಂತಿರಲಿಲ್ಲ. ಕಾಶಿಯ ಸಾಧುಗಳಿಗೆ ತೆರೆದಿದ್ದ ದಾರಿಯಲ್ಲೇ ಈ ಇಂಗ್ಲಿಷ್ ಪಶುವೈದ್ಯರು ಮಾನಸ ಸರೋವರ ತಲುಪಿದರು.

ಕುದುರೆ ಸಿಗಲಿಲ್ಲ. ಶಾಲು ನೇಯುವ ಪಶ್ಮೀನಾ ಉಣ್ಣೆಯ ಆಡುಗಳನ್ನು ಕೊಂಡು ಹಿಂತಿರುಗುವಾಗ ಗೂರ್ಖಾ ಅಧಿಕಾರಿಗಳು ಅವರನ್ನು ಕೆಲಕಾಲ ಬಂಧನದಲ್ಲಿಟ್ಟರು. ಅದೇ ವರ್ಷ ಅವರು ಮೀರ್ ಇಜ್ಜತುಲ್ಲಾ ಎಂಬ ನಂಬಿಕಸ್ಥರನ್ನು ಲೇಹ್, ಯಾರ್ಕಂದ್ ಮಾರ್ಗವಾಗಿ ಬುಖಾರಾಕ್ಕೆ ಕಳುಹಿಸಿ ದಾರಿಯ ವಿವರಗಳನ್ನು ತರಿಸಿಕೊಂಡರು.

ಮರಳಿ ಬಾರದ ಪಯಣ

1819ರಲ್ಲಿ, 52ರ ವಯಸ್ಸಿನಲ್ಲಿ, ಮೂರ್‌ಕ್ರಾಫ್ಟ್ ಸ್ವತಃ ಬುಖಾರಾಕ್ಕೆ ಹೊರಟರು. ಜತೆಗೆ ತರುಣ ಜಾರ್ಜ್ ಟ್ರೆಬೆಕ್, ಗುತ್ರಿ ಎಂಬ ಸಹಾಯಕ, ಮೀರ್ ಇಜ್ಜತುಲ್ಲಾ ಹಾಗೂ ಸರಕು ಹೊತ್ತ ದೊಡ್ಡ ತಂಡ. ಲಾಹೋರಿನಲ್ಲಿ ಮಹಾರಾಜ ರಣಜಿತ್ ಸಿಂಗ್ ಅವರಿಗೆ ಚಿಕಿತ್ಸೆ ನೀಡಿದರು. ಲಡಾಖ್‌ನಲ್ಲಿ ಸುಮಾರು ಎರಡು ವರ್ಷ ತಂಗಿದರು. ಹೋದಲ್ಲೆಲ್ಲ ರೋಗಿಗಳು ಮುತ್ತಿಕೊಳ್ಳುತ್ತಿದ್ದರು. ಕಣ್ಣಿನ ಪೊರೆ ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಅನೇಕರಿಗೆ ದೃಷ್ಟಿ ಮರಳಿಸಿದರು. ಕಾಶ್ಮೀರದ ಶಾಲು ಉದ್ಯಮದ ಬಗ್ಗೆ, ಲಡಾಖಿನ ಮೇವಿನ ಗಿಡಗಳ ಬಗ್ಗೆ, ಅಲ್ಲಿಯ ಆಡು ಕುರಿಗಳ ಬಗ್ಗೆ ರಾಶಿ ರಾಶಿ ಟಿಪ್ಪಣಿ ಬರೆದರು.

ಲಡಾಖಿನವರೊಂದಿಗೆ ಅವರು ಸ್ವಂತ ಹೊಣೆಯ ಮೇಲೆ ಮಾಡಿಕೊಂಡ ವ್ಯಾಪಾರ ಒಪ್ಪಂದವನ್ನು ಕಂಪನಿ ಸರ್ಕಾರ ತಳ್ಳಿಹಾಕಿತು. ಸಂಬಳವನ್ನೂ ತಡೆಹಿಡಿಯಿತು. ಆದರೂ ಅವರು ಹಿಂದಿರುಗಲಿಲ್ಲ. ಕಾಬೂಲ್ ದಾಟಿ, ಕುಂದೂಜಿನಲ್ಲಿ ಮುರಾದ್ ಬೇಗ್‌ನ ಕೈಯಲ್ಲಿ ಸಿಕ್ಕಿ ನರಳಿ, ಕೊನೆಗೆ 1825ರ ಫೆಬ್ರವರಿಯಲ್ಲಿ ಬುಖಾರಾ ಸೇರಿದರು. ಹೊರಟು ಐದು ವರ್ಷ ದಾಟಿತ್ತು. ಅಂದುಕೊಂಡಂತಹ ಕುದುರೆಗಳು ಅಲ್ಲಿಯೂ ಸಿಗಲಿಲ್ಲ. ಮರಳುವಾಗ ಕುದುರೆ ಕೊಳ್ಳಲೆಂದು ಇಂದಿನ ಅಫ್ಘಾನಿಸ್ತಾನದ ಆಂದ್‌ಖೋಯ್ ಎಂಬಲ್ಲಿಗೆ ಹೋದವರು 1825ರ ಆಗಸ್ಟ್ 27ರಂದು ಅಲ್ಲಿಯೇ ಕೊನೆಯುಸಿರೆಳೆದರು. ದೇಹವನ್ನು ಬಲ್ಖ್ ಪಟ್ಟಣಕ್ಕೆ ಒಯ್ದು ಹೂಳಲಾಯಿತು. ಟ್ರೆಬೆಕ್, ಗುತ್ರಿ ಇಬ್ಬರೂ ಊರಿಗೆ ಮರಳದೆ ಆ ಸೀಮೆಯಲ್ಲೇ ಅಸುನೀಗಿದರು. 1832ರಲ್ಲಿ ಆ ದಾರಿಯಾಗಿ ಹೋದ ಅಲೆಕ್ಸಾಂಡರ್ ಬರ್ನ್ಸ್ ಬಲ್ಖ್‌ನ ಹೊರಗೆ ಅವರ ಸಮಾಧಿಯನ್ನು ಕಂಡರು. ಅದರ ಮೇಲೆ ಹೆಸರಿನ ಕಲ್ಲು ಕೂಡ ಇರಲಿಲ್ಲ.

ಉಳಿದದ್ದೇನು, ಅಳಿದದ್ದೇನು?

ಚದುರಿಹೋದ ಅವರ ಕಾಗದಪತ್ರಗಳನ್ನು ಸಂಸ್ಕೃತ ವಿದ್ವಾಂಸ ಎಚ್. ಎಚ್. ವಿಲ್ಸನ್ ಸಂಪಾದಿಸಿ ಪುಸ್ತಕ ರೂಪದಲ್ಲಿ ಹೊರತಂದದ್ದು 1841ರಲ್ಲಿ, ಸತ್ತು 16 ವರ್ಷಗಳ ಬಳಿಕ. ಅದು ಪ್ರವಾಸದ ಗ್ರಂಥ. ಪೂಸಾದಲ್ಲಿ ಕುದುರೆಗಳ ರೋಗ ಕುರಿತು ಅವರು ಕೈಯಾರೆ ಕಲಿತದ್ದನ್ನು ಮುಂದುವರಿಸಲು ಒಂದು ಶಾಲೆಯಾಗಲಿ, ಪತ್ರಿಕೆಯಾಗಲಿ, ವೃತ್ತಿಬಾಂಧವರ ಸಂಘವಾಗಲಿ ಅಂದು ಭಾರತದಲ್ಲಿ ಇರಲಿಲ್ಲ. ಇನ್ನೊಬ್ಬರ ಕೈಗೆ ದಾಟಿಸಿದ್ದು ಮಾತ್ರ ಉಳಿಯಿತು. ಲಡಾಖಿನ ದಾರಿಯಲ್ಲಿ ಸಿಕ್ಕಿದ ಹಂಗೇರಿಯ ಬಡ ವಿದ್ವಾಂಸ ಚೋಮಾ ಅವರಿಗೆ ಮೂರ್‌ಕ್ರಾಫ್ಟ್ ಟಿಬೆಟನ್ ಭಾಷೆ ಕಲಿಯಲು ಪ್ರೋತ್ಸಾಹ, ನೆರವು ನೀಡಿದ್ದರು. ಅವರಿಂದ 1834ರಲ್ಲಿ ಟಿಬೆಟನ್-ಇಂಗ್ಲಿಷ್ ನಿಘಂಟು ಹೊರಬಂತು.

ಇಂಗ್ಲೆಂಡಿನ ಪಶುವೈದ್ಯರು ಪಾಠ ಕಲಿತದ್ದು ತಡವಾಗಿ. ಕೋಲ್‌ಮನ್ ಕಾಲದ ಅವ್ಯವಸ್ಥೆಯಿಂದ ಬೇಸತ್ತು, ಒಟ್ಟುಗೂಡಿ ಮನವಿ ಸಲ್ಲಿಸಿ 1844ರಲ್ಲಿ ರಾಣಿಯ ಸನದು ಪಡೆದರು. ಹಾಗೆ ಹುಟ್ಟಿದ್ದೇ ರಾಯಲ್ ಕಾಲೇಜ್ ಆಫ್ ವೆಟರಿನರಿ ಸರ್ಜನ್ಸ್. ಹೆಸರಿಗೆ ಕಾಲೇಜಾದರೂ ಅದು ಪಶುವೈದ್ಯರೇ ನಡೆಸುವ ವೃತ್ತಿ ಸಂಸ್ಥೆ. ಅದರ ಅಧ್ಯಕ್ಷರಾಗಿದ್ದ ಜಾರ್ಜ್ ಫ್ಲೆಮಿಂಗ್ ಅವರ ಪರಿಶ್ರಮದಿಂದ 1881ರಲ್ಲಿ ಕಾಯ್ದೆ ಬಂದು, ಅರ್ಹತೆ ಇಲ್ಲದವರು ಪಶುವೈದ್ಯರೆಂದು ಹೇಳಿಕೊಳ್ಳುವುದಕ್ಕೆ ತಡೆ ಬಿತ್ತು. ದೂರದ ದೇಶಕ್ಕೆ ಹೋಗಿ ಹೆಸರು ಮಾಡದೆ, ಸಭೆ, ಠರಾವು, ಅರ್ಜಿಗಳಲ್ಲಿ ವರ್ಷಗಟ್ಟಲೆ ಸವೆದವರಿಂದ ಆದ ಕೆಲಸ ಇದು.

ಅದರ ಫಲ ಮುಂಬಯಿಗೂ ಬಂತು. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ, ಒಂಟೆಗಳ ಸರ್ರಾ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ರಕ್ತದಲ್ಲಿ ಗುರುತಿಸಿದರು. 1885ರಲ್ಲಿ ಜಾನ್ ಹೆನ್ರಿ ಸ್ಟೀಲ್ ಬರ್ಮಾದ ಹೇಸರಗತ್ತೆಗಳಲ್ಲಿ ಅದನ್ನೇ ಕಂಡು ಇವಾನ್ಸ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಒಬ್ಬರ ಶೋಧ ವರದಿಯಾಗಿ, ಇನ್ನೊಬ್ಬರಿಂದ ಪರಿಶೀಲನೆಗೊಂಡು ಶಾಶ್ವತವಾಯಿತು. ಇದೇ ಸ್ಟೀಲ್ ಅವರು 1886ರಲ್ಲಿ ಪರೇಲಿನಲ್ಲಿ ಆರಂಭವಾದ ಬಾಂಬೆ ಪಶುವೈದ್ಯಕೀಯ ಕಾಲೇಜಿನ ಪ್ರಥಮ ಪ್ರಾಂಶುಪಾಲರು. ಪರೇಲಿನಲ್ಲಿ ಸರ್ ದಿನ್ಷಾ ಪೆಟಿಟ್ ಅವರ ಔದಾರ್ಯದಿಂದ ಎದ್ದ ಬಾಯಿ ಸಾಕರ್‌ಬಾಯಿ ಪ್ರಾಣಿ ಆಸ್ಪತ್ರೆ ಮುಂಬಯಿಗರಿಗೆಲ್ಲ ಪರಿಚಿತ. 1924ರಲ್ಲಿ ಮದರಾಸಿನಿಂದ ಇಂಡಿಯನ್ ವೆಟರಿನರಿ ಜರ್ನಲ್ ಹೊರಟಿತು. 1958ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ತೆರೆಯಿತು. ದೇಶದ ಪಶುವೈದ್ಯರಿಗೆ ತಮ್ಮದೇ ಪರಿಷತ್ತನ್ನು ಕೊಟ್ಟ ಕಾಯ್ದೆ ಬಂದದ್ದು 1984ರಲ್ಲಿ.

ಪೂಸಾದ ಆ ನೆಲದಲ್ಲಿ 1905ರಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. 1934ರ ಬಿಹಾರ ಭೂಕಂಪದ ಬಳಿಕ ಅದು ದೆಹಲಿಗೆ ಸ್ಥಳಾಂತರಗೊಂಡಾಗ ಊರಿನ ಹೆಸರೂ ಜತೆಗೆ ಬಂತು. ದೆಹಲಿ ಕನ್ನಡಿಗರು ಇಂದಿಗೂ ಪೂಸಾ ಎಂದೇ ಆ ಪ್ರದೇಶವನ್ನು ಕರೆಯುತ್ತಾರೆ. ಆದರೆ ಮೂಲ ಪೂಸಾದ ಲಾಯಗಳಲ್ಲಿ ಹನ್ನೊಂದು ವರ್ಷ ದುಡಿದವರ ನೆನಪು ಆ ಹೆಸರಿನೊಂದಿಗೆ ಬರಲಿಲ್ಲ.

ಮೂರ್‌ಕ್ರಾಫ್ಟ್ ಅವರ ಧೈರ್ಯ, ಜ್ಞಾನದಾಹ, ಮೂಕ ಪ್ರಾಣಿಗಳ ಮೇಲಿನ ಕಾಳಜಿ ಎಂದೆಂದಿಗೂ ಸ್ಮರಣೀಯ. ಹಾಗೆಯೇ, ಹತ್ತು ಜನ ಕೂಡಿ ನಡೆಸುವ ಒಂದು ಸಂಘ, ಒಂದು ಶಾಲೆ, ಒಂದು ಪತ್ರಿಕೆ ಇಲ್ಲದಿದ್ದರೆ ಎಂತಹ ಸಾಧಕರ ವಿದ್ಯೆಯೂ ಅವರೊಂದಿಗೇ ಮಣ್ಣಾಗುತ್ತದೆ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.