ಆರ್ಕಿಡ್ ಬೀಜದೊಳಗೆ ಇಣುಕಿದ ಬಿ.ಜಿ.ಎಲ್. ಸ್ವಾಮಿ

ಮೈಸೂರಿನ ನಮ್ಮ ಗೆಳೆಯರೊಬ್ಬರು ಕಳೆದ ವರ್ಷ ಆನ್‌ಲೈನ್‌ನಲ್ಲಿ ನೀಲಿ ಆರ್ಕಿಡ್ ಬೀಜದ ಪೊಟ್ಟಣ ತರಿಸಿದ್ದರು. ಸಾಸಿವೆಯಷ್ಟು ದಪ್ಪದ ಕಾಳುಗಳು. ಕೆಂಪುಮಣ್ಣು, ಗೊಬ್ಬರ ಬೆರೆಸಿದ ಕುಂಡದಲ್ಲಿ ಬಿತ್ತಿ, ದಿನವೂ ನೀರು ಚಿಮುಕಿಸಿ, ತಿಂಗಳುಗಟ್ಟಲೆ ಕಾದರು. ಒಂದೂ ಮೊಳೆಯಲಿಲ್ಲ. ತಪ್ಪು ಯಾರ ತಲೆಗೆ ಬಂತು ಎಂದರೆ, ಡಿಸೆಂಬರಿನ ಚಳಿಯ ತಲೆಗೆ.

ಪಾಪ, ಮೈಸೂರಿನ ಚಳಿ ನಿರಪರಾಧಿ. ಮೊದಲನೆಯದಾಗಿ, ಸಾಸಿವೆಯಷ್ಟು ದಪ್ಪ ಇರುವುದು ಆರ್ಕಿಡ್ ಬೀಜವೇ ಅಲ್ಲ. ನಿಜವಾದ ಆರ್ಕಿಡ್ ಬೀಜ ಧೂಳಿನ ಹಾಗಿರುತ್ತದೆ, ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಎರಡನೆಯದಾಗಿ, ಅಸಲಿ ಬೀಜವೇ ಸಿಕ್ಕಿದ್ದರೂ ಕುಂಡದ ಮಣ್ಣಿನಲ್ಲಿ ಅದು ಮೊಳೆಯುತ್ತಿರಲಿಲ್ಲ. ಕಾರಣ ಬೀಜದ ಒಳಗೇ ಇದೆ. ಆ ಒಳಗನ್ನು ಸೂಕ್ಷ್ಮದರ್ಶಕದಡಿ ವರ್ಷಗಟ್ಟಲೆ ನೋಡಿ ಜಗತ್ತಿಗೆ ವಿವರಿಸಿದವರಲ್ಲಿ ಒಬ್ಬರು ನಮ್ಮವರೇ. ಕನ್ನಡಿಗರು ಅವರನ್ನು ಹಾಸ್ಯದ ಲೇಖಕ ಎಂದು ಹೆಚ್ಚು ನೆನೆಯುತ್ತಾರೆ. ಅವರೇ ಬಿ.ಜಿ.ಎಲ್. ಸ್ವಾಮಿ.

ಸ್ವಾಮಿಯವರು ಹುಟ್ಟಿದ್ದು 1918ರಲ್ಲಿ. ತಂದೆ ಡಿ.ವಿ. ಗುಂಡಪ್ಪ, ಅಂದರೆ ಮಂಕುತಿಮ್ಮನ ಕಗ್ಗದ ಡಿವಿಜಿ. ಅಂಥ ಮನೆಯಲ್ಲಿ ಬೆಳೆದ ಹುಡುಗ ಸಾಹಿತ್ಯದ ಕಡೆ ಹೋಗುತ್ತಾನೆ ಎಂದು ಯಾರಾದರೂ ಊಹಿಸಬಹುದಿತ್ತು. ಆದರೆ ಸ್ವಾಮಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದರು. ಆಗ ಆ ಕಾಲೇಜು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಮುಂದೆ ಅವರಿಗೆ ಡಿ.ಎಸ್‌ಸಿ. ಪದವಿ ಕೊಟ್ಟದ್ದೂ ಮೈಸೂರು ವಿಶ್ವವಿದ್ಯಾನಿಲಯವೇ. ಸಾಹಿತ್ಯ ಹಿಂದೆ ಉಳಿಯಲಿಲ್ಲ ಅನ್ನುವುದು ಬೇರೆ ಮಾತು. ಡಿವಿಜಿಯವರಿಗೆ 1967ರಲ್ಲಿ ಬಂದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1978ರಲ್ಲಿ ಮಗನಿಗೂ ಬಂತು.

ಅವರು ಆರಿಸಿಕೊಂಡ ವಿಷಯ ಭ್ರೂಣಶಾಸ್ತ್ರ. ಹೂವಿಗೆ ಪರಾಗ ಬಿದ್ದ ಮೇಲೆ ಒಳಗೆ ಬೀಜ ಹೇಗೆ ರೂಪುಗೊಳ್ಳುತ್ತದೆ ಎಂದು ಹಂತ ಹಂತವಾಗಿ ನೋಡುವ ಶಾಸ್ತ್ರ ಇದು. ಕೇಳಲು ಸುಲಭ, ಮಾಡಲು ತಾಳ್ಮೆ ಬೇಕು. ಬೇರೆ ಬೇರೆ ದಿನಗಳ ಕಾಯಿಗಳನ್ನು ತಂದು, ಕೊಳೆಯದಂತೆ ರಾಸಾಯನಿಕದಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾದ ಪದರಗಳಾಗಿ ಕೊಯ್ದು, ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ ಸಾಲಾಗಿ ಜೋಡಿಸಬೇಕು. ನೂರಾರು ಪದರಗಳಲ್ಲಿ ಎಲ್ಲೋ ಒಂದರಲ್ಲಿ ಬೇಕಾದ ಕ್ಷಣ ಸಿಗುತ್ತದೆ. ನಂತರ ಕೈಯಿಂದ ಚಿತ್ರ ಬರೆಯಬೇಕು. ಸ್ವಾಮಿಯವರ ಕನ್ನಡ ಪುಸ್ತಕಗಳಲ್ಲಿರುವ ಅಚ್ಚುಕಟ್ಟಾದ ರೇಖಾಚಿತ್ರಗಳನ್ನು ನೀವು ನೋಡಿದ್ದರೆ, ಆ ಕೈ ಎಲ್ಲಿ ಪಳಗಿತ್ತು ಎಂದು ಈಗ ತಿಳಿಯಿತಲ್ಲ!

ಈ ಕೆಲಸಕ್ಕೆ ಅವರು ಹಿಡಿದ ಗಿಡಗಳು ಆರ್ಕಿಡ್‌ಗಳು. ನಮ್ಮ ಮಲೆನಾಡಿನ ಕಡೆ ಸೀತಾಳೆ, ಸೀತಾಳೆ ದಂಡೆ ಎಂದು ಕರೆಯುವ ಮರದ ಮೇಲಿನ ಹೂಗಳು ಇದೇ ಕುಟುಂಬದವು. 1942ರಲ್ಲಿ ಮರದ ಮೇಲೆ ಬೆಳೆಯುವ ಸಿಂಬಿಡಿಯಂ ಬೈಕಲರ್ ಬಗ್ಗೆ, 1943ರಲ್ಲಿ ನೆಲದಲ್ಲಿ ಬೆಳೆಯುವ ಒಂದು ಯುಲೋಫಿಯಾ ಬಗ್ಗೆ, 1947ರಲ್ಲಿ ವೆನಿಲ್ಲಾ ಬಗ್ಗೆ ಅವರ ಲೇಖನಗಳು ಪ್ರಕಟವಾದವು. ಹೌದು, ಐಸ್‌ಕ್ರೀಮಿನ ವೆನಿಲ್ಲಾ ಕೂಡ ಆರ್ಕಿಡ್ಡೇ. ಅಸಲಿ ವೆನಿಲ್ಲಾ ಹಾಕಿದ ಐಸ್‌ಕ್ರೀಮಿನಲ್ಲಿ ಕಾಣುವ ಸಣ್ಣ ಕಪ್ಪು ಚುಕ್ಕೆಗಳೆಲ್ಲ ಆರ್ಕಿಡ್ ಬೀಜಗಳು.

ಆ ಗಾಜಿನ ಪಟ್ಟಿಗಳಲ್ಲಿ ಕಾಣುತ್ತಿದ್ದದ್ದು ಏನು? ಅವರೆಕಾಳನ್ನು ನೆನೆಸಿಕೊಳ್ಳಿ. ಅದರ ಬಹುಪಾಲು ಮರಿಗಿಡಕ್ಕೆಂದು ತಾಯಿ ಕಟ್ಟಿಕೊಟ್ಟ ಬುತ್ತಿ. ಭತ್ತದಲ್ಲಿ ಆ ಬುತ್ತಿಯ ಹೆಸರು ಭ್ರೂಣಪೋಷ. ನಾವು ಉಣ್ಣುವ ಅನ್ನ ಅದೇ. ಆರ್ಕಿಡ್‌ನಲ್ಲಿ ಬುತ್ತಿ ಕಟ್ಟುವ ಕೆಲಸ ಶುರುವಾಗುವ ಹೊತ್ತಿಗೇ ನಿಂತುಹೋಗುತ್ತದೆ. ಭ್ರೂಣಪೋಷವಾಗಬೇಕಿದ್ದ ಭಾಗ ಬೇಗನೆ ನಶಿಸುತ್ತದೆ. ಭ್ರೂಣವಾದರೂ ಪೂರ್ತಿ ಬೆಳೆದಿರುತ್ತದೆಯೇ ಎಂದರೆ ಅದೂ ಇಲ್ಲ. ಬೇರು ಯಾವುದು, ಎಲೆ ಯಾವುದು ಎಂದು ಗುರುತಿಸಲಾಗದ ಒಂದು ಪುಟ್ಟ ಕೋಶದ ಮುದ್ದೆ, ಅದಕ್ಕೊಂದು ತೆಳು ಹೊದಿಕೆ, ಅಷ್ಟೇ. ಇನ್ನೊಂದು ವಿಚಿತ್ರವಿದೆ. ಎಷ್ಟೋ ಆರ್ಕಿಡ್‌ಗಳಲ್ಲಿ ಹೂ ಅರಳಿದಾಗ ಬೀಜವಾಗಬೇಕಾದ ಅಂಡಕಗಳೇ ಸಿದ್ಧವಾಗಿರುವುದಿಲ್ಲ. ಪರಾಗ ಬಿದ್ದ ಮೇಲೆ ಅವು ಬೆಳೆಯಲು ತೊಡಗುತ್ತವೆ. ನಿಷೇಚನಕ್ಕೆ ವಾರಗಳು, ಕೆಲವದರಲ್ಲಿ ತಿಂಗಳುಗಳೇ ಹಿಡಿಯುತ್ತವೆ.

ಬುತ್ತಿಯಿಲ್ಲದ ಈ ಬೀಜ ಕಾಡಿನಲ್ಲಿ ಹೇಗೆ ಮೊಳೆಯುತ್ತದೆ ಎಂಬುದು ಸ್ವಾಮಿಯವರಿಗಿಂತ ಮೊದಲೇ ಗೊತ್ತಾಗಿತ್ತು. ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಮಣ್ಣಿನ ಶಿಲೀಂಧ್ರವೊಂದು ಬೀಜದೊಳಗೆ ಹೊಕ್ಕು ಆಹಾರ ಒದಗಿಸುವುದನ್ನು ಕಂಡಿದ್ದರು. ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಅಗಾರ್ ಕೊಟ್ಟು ಸೀಸೆಯೊಳಗೆ ಮೊಳಕೆ ಬರಿಸಿದರು. ಇಂದು ನರ್ಸರಿಗೆ ಬರುವ ಆರ್ಕಿಡ್‌ಗಳ ಹಿಂದೆ ಇಂಥ ಸೀಸೆಗಳೇ ಇವೆ. ಸ್ವಾಮಿಯವರ ಪ್ರಶ್ನೆ ಅದಕ್ಕೂ ಹಿಂದಿನ ಹಂತದ್ದು: ಆ ಪುಟ್ಟ ಭ್ರೂಣ ರೂಪುಗೊಳ್ಳುವ ಬಗೆ ಎಲ್ಲ ಆರ್ಕಿಡ್‌ಗಳಲ್ಲೂ ಒಂದೇ ತೆರನೇ? ಅಲ್ಲ ಎಂದು ತೋರಿಸಿದರು. ಭ್ರೂಣಕ್ಕೆ ಅಂಟಿಕೊಂಡು ಬಾಲದಂತೆ ಚಾಚುವ ಸಸ್ಪೆನ್ಸರ್ ಎಂಬ ಭಾಗದ ರೂಪವನ್ನು ಹಿಡಿದು ಆರ್ಕಿಡ್‌ಗಳ ಭ್ರೂಣ ಬೆಳವಣಿಗೆಯನ್ನು ವರ್ಗಗಳಾಗಿ ವಿಂಗಡಿಸಿದರು. 1949ರಲ್ಲಿ ಎರಡು ಭಾಗಗಳಾಗಿ ಅಮೆರಿಕದ ಪತ್ರಿಕೆಯಲ್ಲಿ ಬಂದ ಈ ಕೆಲಸವನ್ನು ಆರ್ಕಿಡ್ ಭ್ರೂಣದ ಬಗ್ಗೆ ಬರೆಯುವವರು ಈಗಲೂ ಉಲ್ಲೇಖಿಸುತ್ತಾರೆ.

ಅಷ್ಟು ಹೊತ್ತಿಗೆ ಅವರು ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋಗಿದ್ದರು. ಮರದ ಒಳರಚನೆಯಲ್ಲಿ ದೊಡ್ಡ ಹೆಸರಾಗಿದ್ದ ಇರ್ವಿಂಗ್ ಬೈಲಿ ಅವರ ಜೊತೆ ಕೆಲಸ. ಹಿಮ ಬೀಳುವ ಊರು ಅದು; ಚಳಿಗಾಲದಲ್ಲಿ ಗಾಜಿನ ಮನೆ, ಬೆಂಕಿಯ ಬಿಸಿ ಇಲ್ಲದೆ ಅಲ್ಲಿ ಉಷ್ಣವಲಯದ ಆರ್ಕಿಡ್ ಬದುಕುವುದಿಲ್ಲ. ಆದರೆ ಒಣಗಿಸಿಟ್ಟ ಆರ್ಕಿಡ್‌ಗಳ ದೊಡ್ಡ ಸಂಗ್ರಹ, ಓಕ್ಸ್ ಏಮ್ಸ್ ಹರ್ಬೇರಿಯಂ, ಹಾರ್ವರ್ಡಿನಲ್ಲೇ ಇದೆ. ಅಲ್ಲಿನ ಸಸ್ಯ ಸಂಗ್ರಹಾಲಯದ ಪತ್ರಿಕೆಯಲ್ಲಿ 1948ರಲ್ಲಿ ಸ್ವಾಮಿಯವರ ಇನ್ನೊಂದು ಲೇಖನ ಬಂತು. ಆರ್ಕಿಡ್ ಹೂವಿನಲ್ಲಿ ತುಟಿಯಂತೆ ಮುಂದಕ್ಕೆ ಚಾಚಿದ ಒಂದು ದಳ ಇರುತ್ತದಲ್ಲ, ಅದು ಒಂದು ದಳ ಮತ್ತು ಎರಡು ಕೇಸರಗಳು ಕೂಡಿ ಆದದ್ದು ಎಂದು ಡಾರ್ವಿನ್ 1862ರ ತಮ್ಮ ಆರ್ಕಿಡ್ ಪುಸ್ತಕದಲ್ಲಿ ವಾದಿಸಿದ್ದರು. ಸ್ವಾಮಿ ಹೂವಿನೊಳಗಿನ ನೀರು-ಆಹಾರದ ನಾಳಗಳ ಜಾಡು ಹಿಡಿದು ನೋಡಿದರು. ಡಾರ್ವಿನ್ ಹೇಳಿದ ಕೇಸರಗಳ ಕುರುಹು ಅವರಿಗೆ ಕಾಣಲಿಲ್ಲ; ತುಟಿಯೂ ಒಂದು ದಳವೇ ಎಂಬ ತೀರ್ಮಾನಕ್ಕೆ ಬಂದರು. ಮೂವತ್ತರ ಆಸುಪಾಸಿನ ತರುಣನಿಗೆ ಇದು ಸಣ್ಣ ಧೈರ್ಯವಲ್ಲ ಎನ್ನುವುದು ನಮ್ಮ ಅಭಿಪ್ರಾಯ.

ಇಲ್ಲೊಂದು ಸಣ್ಣ ಅಡ್ಡದಾರಿ. ಮರದ ಮೇಲೆ ಕುಳಿತ ಆರ್ಕಿಡ್ ಮರದ ರಸ ಹೀರುತ್ತದೆ, ಅದೂ ಬಂದಳಿಕೆಯ ಜಾತಿಯೇ ಎಂದು ಬಹಳ ಜನ ನಂಬಿದ್ದಾರೆ. ತಪ್ಪು. ಆರ್ಕಿಡ್‌ಗೆ ಮರ ಬರೀ ಕುಳಿತುಕೊಳ್ಳುವ ಜಾಗ; ನೀರನ್ನು ಮಳೆಯಿಂದ, ಮಂಜಿನಿಂದ ಅದರ ಬೇರಿನ ಸ್ಪಂಜಿನಂಥ ಹೊರಪದರ ಹಿಡಿದುಕೊಳ್ಳುತ್ತದೆ. ಹಾಗೆ ನೋಡಿದರೆ ಪಕ್ಕದ ಗಿಡಗಳ ಬೇರಿಗೆ ಕೈಹಾಕಿ ಕದ್ದು ಬದುಕುವುದು ಮೈಸೂರಿನ ಹೆಮ್ಮೆಯ ಶ್ರೀಗಂಧ. 1949ರಲ್ಲೇ ಸ್ವಾಮಿಯವರು ಶ್ರೀಗಂಧದ ಕುಟುಂಬದ ಒಳರಚನೆಯ ಬಗ್ಗೆಯೂ ಬರೆದಿದ್ದಾರೆ.

ಅಮೆರಿಕದಿಂದ ಮರಳಿದ ಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿ, ಕೊನೆಗೆ ಪ್ರಾಂಶುಪಾಲರೂ ಆದರು. ಆ ಅನುಭವಗಳೆಲ್ಲ ಕನ್ನಡ ಪುಸ್ತಕಗಳಾದವು. ವಿದ್ಯಾರ್ಥಿಗಳ ಜೊತೆ ಪಶ್ಚಿಮ ಘಟ್ಟದಲ್ಲಿ ಗಿಡ ಹುಡುಕಿಕೊಂಡು ಅಲೆದ ಕಥೆ ಹಸುರು ಹೊನ್ನು. ಅಕಾಡೆಮಿ ಪ್ರಶಸ್ತಿ ಬಂದದ್ದು ಇದಕ್ಕೆ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಎಲ್ಲ ಎಲ್ಲಿಂದ ಬಂದವು ಎಂದು ಹೇಳುವ ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ ಓದಿದವರು ಸಾರು ಕಲಸುವಾಗ ಒಮ್ಮೆ ನಕ್ಕೇ ನಗುತ್ತಾರೆ.

ಈಗ ಗೆಳೆಯರ ಕುಂಡಕ್ಕೆ ಬರೋಣ. ಒಂದು ಆರ್ಕಿಡ್ ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜ ಇರಬಹುದು, ಆದರೆ ಸರಿಯಾದ ಶಿಲೀಂಧ್ರ ಸಿಕ್ಕಿ ಗಿಡವಾಗುವುದು ಬೆರಳೆಣಿಕೆಯಷ್ಟು. ಹೂ ಬಿಡುವ ಮಟ್ಟಕ್ಕೆ ಬರಲು ಮತ್ತೆ ವರ್ಷಗಳು ಬೇಕು. ಹಾಗಾಗಿ ಕಾಡಿನಿಂದ ಕಿತ್ತು ತಂದ ಸೀತಾಳೆಯನ್ನು ದಾರಿಬದಿಯಲ್ಲಿ ಕೊಂಡರೆ ಆ ಕೊಂಬೆಯ ಮೇಲೆ ಇನ್ನೊಂದು ಬರುವ ಭರವಸೆ ಇಲ್ಲ. ನರ್ಸರಿಯ ಗಿಡ ಕೊಳ್ಳಿ, ಇಲ್ಲವೇ ಬೆಳೆಸಿದವರಿಂದ ಒಂದು ಭಾಗ ಕೇಳಿ ತನ್ನಿ. ಮಣ್ಣು ಬೇಡ, ಇದ್ದಿಲು, ತೆಂಗಿನ ಮಟ್ಟೆಯ ಚೂರು ಸಾಕು. ಮೈಸೂರಿನ ಮಾಗಿಯಲ್ಲಿ ರಾತ್ರಿ ಸಾಮಾನ್ಯವಾಗಿ 16-17 ಡಿಗ್ರಿಯ ಆಸುಪಾಸು ಇರುತ್ತದೆ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಫೆಲನಾಪ್ಸಿಸ್‌ಗೆ ಇದು ತೊಂದರೆಯಲ್ಲ, ಹೂಗೊಂಚಲು ಹೊರಡಿಸುವುದೇ ಇಂಥ ತಂಪು. ತೊಂದರೆ ಕೊಡುವುದು ಒಣಗಾಳಿ, ಜೊತೆಗೆ ಸಂಜೆ ಎಲೆಗಳ ನಡುವಿನ ಸುಳಿಗೆ ಹೊಯ್ದ ನೀರು. ಬೆಳಿಗ್ಗೆ ನೀರು ಕೊಡಿ. ಬೇರು ಹಸಿರಾಗಿದ್ದರೆ ಸುಮ್ಮನಿರಿ, ಬೆಳ್ಳಿಬಣ್ಣಕ್ಕೆ ತಿರುಗಿದಾಗ ಕೊಟ್ಟರಾಯಿತು.

ಮದ್ರಾಸಿನ ಕೆಲಸದಿಂದ ನಿವೃತ್ತರಾದ ಮೇಲೆ ಸ್ವಾಮಿಯವರು ಮೈಸೂರಿಗೆ ಬಂದರು. ಡಿ.ಎಸ್‌ಸಿ. ಕೊಟ್ಟ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ, ಸಸ್ಯಶಾಸ್ತ್ರ ವಿಭಾಗದ ಸಂದರ್ಶಕ ಪ್ರಾಧ್ಯಾಪಕರಾಗಿ. ಆ ದಿನಗಳ ಬರಹಕ್ಕೆ ಮೈಸೂರು ಡೈರಿ ಎಂದು ಹೆಸರು. 1980ರ ನವೆಂಬರಿನಲ್ಲಿ ತೀರಿಕೊಂಡಾಗ ಅವರಿಗೆ ಅರವತ್ತೆರಡು ವರ್ಷ.