ಕೊನೆಯಿಂದ ಕಥೆ ಶುರು ಮಾಡಿದ ರನ್ನ

ಸಮೀರವಾಡಿ ಅಂದ್ರೆ ನಮಗೆ ನೆನಪಾಗೋದು ಸಕ್ಕರೆ ಕಾರ್ಖಾನೆ, ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್‌ಗಳು. ಅದೇ ಸೀಮೆಯ ಮುಧೋಳದಲ್ಲಿ ಕ್ರಿ.ಶ. 949ರಲ್ಲಿ ರನ್ನ ಹುಟ್ಟಿದ. ಅಲ್ಲಿನ ಬೆಳಗಲಿಯನ್ನ ಜನ ಇವತ್ತಿಗೂ ರನ್ನ ಬೆಳಗಲಿ ಅಂತಲೇ ಕರೀತಾರೆ. ಎಲ್ಲಾನೂ ಯಾರೋ ಬರೆದುಬಿಟ್ಟಿದ್ದಾರೆ, ಇನ್ನು ನಾವೇನು ಬರೆಯೋದು ಅಂತ ಪೆನ್ನು ಕೆಳಗಿಡೋ ನಾವೆಲ್ಲ ಅವನ ಬದುಕನ್ನ ಒಮ್ಮೆ ನೋಡಬೇಕು.

ರನ್ನನದು ಬಳೆಗಾರರ ಮನೆತನ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಓದಿನ ಹಂಬಲದಿಂದ ಊರು ಬಿಟ್ಟು ದೂರದ ಶ್ರವಣಬೆಳಗೊಳಕ್ಕೆ ಹೋದ. ಅಲ್ಲಿ ಗಂಗರ ಮಂತ್ರಿ ಚಾವುಂಡರಾಯ ಆಸರೆ ಕೊಟ್ಟ, ಅಜಿತಸೇನಾಚಾರ್ಯರು ಗುರುಗಳಾದರು. ಮುಂದೆ ಚಾಲುಕ್ಯ ದೊರೆ ತೈಲಪನಿಂದ ಕವಿಚಕ್ರವರ್ತಿ ಅನ್ನೋ ಬಿರುದೂ ಬಂತು.

ಆದ್ರೆ ಆ ಕಾಲದಲ್ಲಿ ಕನ್ನಡದಲ್ಲಿ ಭಾರತದ ಕಥೆ ಬರೆಯೋಕೆ ಹೊರಟವನ ಎದುರಿಗೆ ಪಂಪ ಇದ್ದ. ರನ್ನ ಹುಟ್ಟೋಕೆ ಮೊದಲೇ, 941ರಲ್ಲಿ, ಅವನು ಇಡೀ ಮಹಾಭಾರತವನ್ನ 14 ಆಶ್ವಾಸಗಳಲ್ಲಿ ಬರೆದು ಮುಗಿಸಿದ್ದ. ಅದೇ ಕಥೆ, ಅದೇ ಭಾಷೆ. ಇನ್ನೇನು ಉಳಿದಿತ್ತು?

ರನ್ನ ಬೇರೆ ಕಥೆ ಹುಡುಕಲಿಲ್ಲ. ಪಂಪನ 13ನೇ ಆಶ್ವಾಸದ ಭೀಮ-ದುರ್ಯೋಧನರ ಗದಾಯುದ್ಧವನ್ನೇ ಎತ್ತಿಕೊಂಡು 10 ಆಶ್ವಾಸಗಳ ಕಾವ್ಯ ಮಾಡಿದ. ಪಂಪನಿಗೆ ಅರ್ಜುನ ನಾಯಕನಾದ್ರೆ ಇವನಿಗೆ ಭೀಮ. ಕಥೆ ಶುರುವಾಗೋದೇ ಯುದ್ಧದ ಕೊನೆಯಲ್ಲಿ. ಹಿಂದಿನದ್ದೆಲ್ಲ ಪಾತ್ರಗಳ ಮಾತಲ್ಲಿ, ನೆನಪಲ್ಲಿ ಬರುತ್ತೆ. ಸಿಂಹ ನಡೀತಾ ನಡೀತಾ ತಿರುಗಿ ನೋಡೋ ಹಾಗೆ, ಅದಕ್ಕೇ ಇದು ಸಿಂಹಾವಲೋಕನ. ಸಿನಿಮಾದಲ್ಲಿ ನಾವು ಫ್ಲ್ಯಾಶ್‌ಬ್ಯಾಕ್ ಅನ್ನೋದು ಇದನ್ನೇ.

ಒಂದೇ ಘಟನೆ ಹಿಡಿದಿದ್ರಿಂದ ನಿಧಾನವಾಗಿ ನೋಡೋಕೆ ಅವನಿಗೆ ಜಾಗ ಸಿಕ್ತು. ಹೆಣಗಳ ನಡುವೆ ನಡೆಯೋ ದುರ್ಯೋಧನ, ದುಶ್ಶಾಸನ ಮತ್ತು ಕರ್ಣರ ಮುಂದೆ ನಿಂತು ಅಳ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯಕ್ಕೂ ಕೈ ಮುಗೀತಾನೆ. ಭೀಮನನ್ನ ಹೊಗಳೋಕೆ ಬರೆದ ಕಾವ್ಯದಲ್ಲಿ ನಮ್ಮ ಮನಸ್ಸು ಸೋತವನ ಕಡೆ ವಾಲುತ್ತೆ.

ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅವನು ಅಜಿತಪುರಾಣ ಮುಗಿಸಿದ. ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದವಳು ಅವಳು. ರನ್ನ ತನ್ನ ಮಗಳಿಗೆ ಅವಳದೇ ಹೆಸರಿಟ್ಟ. ಅವನ ಪರಶುರಾಮಚರಿತ ಮಾತ್ರ ನಮ್ಮವರೆಗೆ ಉಳೀಲಿಲ್ಲ. ಗದಾಯುದ್ಧ ಉಳೀತು, ಸುಮಾರು ಸಾವಿರ ವರ್ಷ ಆದಮೇಲೆ ಬಿ.ಎಂ.ಶ್ರೀ. ಅದನ್ನೇ ನಾಟಕ ಮಾಡಿದ್ರು.

ಬರೆಯೋಕೆ ನಮಗೆ ಇಡೀ ಮಹಾಭಾರತ ಬೇಕಿಲ್ಲ. ಬೇರೆಯವರು ಬರೆದದ್ದರಲ್ಲೇ ನಮ್ಮನ್ನ ಹಿಡಿದು ನಿಲ್ಲಿಸೋ ಒಂದು ಜಾಗ ಸಿಕ್ಕರೆ ಸಾಕು, ಅಲ್ಲಿಂದ ಶುರು ಮಾಡಬಹುದು.